ಕಿವಿಗೆ ಒಪ್ಪುವಂಥದ್ದು

ನರ್ಸಿಂಗ್ ಶಾಲೆಯ ಮೊದಲ ವರ್ಷದಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಪಕ್ಕದಲ್ಲಿ ಕೂರುವ ಹುಡುಗಿಯರಿಗೆಲ್ಲ ಹದಿನೆಂಟೋ ಹತ್ತೊಂಬತ್ತೋ. ಅವಳಿಗೆ ಮೂವತ್ತು ದಾಟಿ ನಾಕೈದು ವರ್ಷವಾಗಿತ್ತು. ಪಾಠ ಹೇಳುವ ಟ್ಯೂಟರ್ ಮೇಡಂ ಕೂಡ ಅವಳಿಗಿಂತ ಚಿಕ್ಕವರು. ಹಾಜರಿ ಕರೆಯುವಾಗ ಅವರ ಬಾಯಲ್ಲೂ ಒಮ್ಮೊಮ್ಮೆ "ಅಕ್ಕ" ಎಂದು ಬಂದುಬಿಡುತ್ತಿತ್ತು, ಇಡೀ ಕ್ಲಾಸು ನಗುತ್ತಿತ್ತು.

ಇಲ್ಲಿಗೆ ಬರುವ ಮೊದಲು ಅವಳು ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಹನ್ನೆರಡನೇ ಕ್ಲಾಸು ಮುಗಿಸಿ ಮಗ್ಗದ ಮುಂದೆ ನಿಂತವಳು, ಮದುವೆಯಾದ ಮೇಲೂ ನಿಂತೇ ಇದ್ದಳು. ಗಂಡ ಅದೇ ಶೆಡ್ಡಿನ ಮೆಕ್ಯಾನಿಕ್ಕು. ಅಲ್ಲಿ ಯಾರದಾದರೂ ಬೆರಳು ಸಿಕ್ಕಿಕೊಂಡರೆ, ಲಾಳಿ ಹಾರಿ ಹಣೆಗೆ ಬಡಿದರೆ, ಮೊದಲು ಕರೆಯುತ್ತಿದ್ದುದು ಇವಳನ್ನೇ. ರಕ್ತ ನೋಡಿ ಉಳಿದವರು ಮುಖ ತಿರುಗಿಸಿದರೆ ಇವಳು ಬಟ್ಟೆ ಹರಿದು ಕಟ್ಟುತ್ತಿದ್ದಳು. ಮಾಲೀಕ ಒಂದು ದಿನ ಮಗ್ಗಗಳನ್ನೆಲ್ಲ ಗುಜರಿಗೆ ಹಾಕಿ ಶೆಡ್ಡು ಮುಚ್ಚಿದ. ಗಂಡ ಇನ್ನೊಂದು ಶೆಡ್ಡು ಹುಡುಕಿಕೊಂಡ. ಇವಳು ಮಾತ್ರ, "ನಾನು ನರ್ಸಿಂಗ್ ಓದ್ತೀನಿ" ಅಂದಳು. ಗಂಡ ತಮಾಷೆ ಎಂದುಕೊಂಡು ನಕ್ಕ. ಅತ್ತೆ ನಗಲಿಲ್ಲ. "ಓದ್ಲಿ ಬಿಡೋ, ಮನೇಲಿ ಒಬ್ಬರಿಗಾದ್ರೂ ನನ್ನ ಕಾಯಿಲೆ ಅರ್ಥ ಆಗ್ಲಿ" ಅಂದರು.

ಓದು ಕಷ್ಟವಾಗಲಿಲ್ಲ. ಹಾಸಿಗೆ ಹಾಸುವುದು, ಗಾಯ ತೊಳೆಯುವುದು, ರೋಗಿಯನ್ನು ಮಗ್ಗುಲಿಗೆ ಹೊರಳಿಸುವುದು, ಇದರಲ್ಲೆಲ್ಲ ಅವಳ ಕೈ ಹುಡುಗಿಯರ ಕೈಗಿಂತ ಚುರುಕು. ತೊಂದರೆ ಶುರುವಾದದ್ದು ಸ್ಟೆತಸ್ಕೋಪಿನಿಂದ.

ಆವತ್ತು ಟ್ಯೂಟರ್ ಮೇಡಂ ತಮ್ಮ ಸ್ಟೆತಸ್ಕೋಪನ್ನೇ ಒಬ್ಬೊಬ್ಬರ ಕೈಗೂ ಕೊಟ್ಟು, ಪಕ್ಕದವರ ಎದೆಯ ಮೇಲಿಟ್ಟು ಕೇಳಲು ಹೇಳಿದರು. ಅಕ್ಕನಿಗೆ ಹೃದಯ ಕೇಳಿಸಿತು. ದೂರದಲ್ಲಿ ಯಾರೋ ಮುಷ್ಟಿಯಿಂದ ಬಾಗಿಲು ಗುದ್ದಿದ ಹಾಗೆ ಚೆನ್ನಾಗಿಯೇ ಕೇಳಿಸಿತು. ತೋಳಿಗೆ ಪಟ್ಟಿ ಬಿಗಿದು ಬಿಪಿ ನೋಡಿದಳು, ಅದೂ ಸಿಕ್ಕಿತು. ಆಮೇಲೆ ಉಸಿರಿನ ಪಾಠ. "ಶ್ವಾಸಕೋಶದಲ್ಲಿ ನೀರು ತುಂಬ್ಕೊಂಡಿದ್ರೆ ಸಣ್ಣಗೆ ಚರಚರ ಅನ್ನುತ್ತೆ" ಅಂದರು ಮೇಡಂ. "ಕಿವಿ ಹತ್ರ ನಾಲ್ಕು ಕೂದಲು ಹಿಡಿದು ಬೆರಳಲ್ಲಿ ಉಜ್ಜಿ ನೋಡಿ. ಥೇಟ್ ಹಾಗೇ."

ಹುಡುಗಿಯರೆಲ್ಲ ಜಡೆಯಿಂದ ನಾಲ್ಕು ಕೂದಲು ಎಳೆದು ಉಜ್ಜಿಕೊಂಡರು. "ಹೌದು ಮೇಡಂ, ಹೌದು ಮೇಡಂ" ಎಂದು ತಲೆಯಾಡಿಸಿದರು. ಅಕ್ಕನೂ ಉಜ್ಜಿದಳು. ಬೆರಳಿಗೆ ಕೂದಲು ತಾಗುತ್ತಿತ್ತು, ಕಿವಿಗೆ ಏನೂ ತಾಗಲಿಲ್ಲ. ಬೆಳಿಗ್ಗೆ ತಲೆಗೆ ಎಣ್ಣೆ ಜಾಸ್ತಿಯಾಯಿತೇನೋ, ಅದಕ್ಕೇ ಸದ್ದು ಬರುತ್ತಿಲ್ಲ ಎಂದುಕೊಂಡು ಅವಳೂ ತಲೆಯಾಡಿಸಿದಳು.

ಮಾರನೇ ವಾರ ವಾರ್ಡಿನಲ್ಲಿ ಕೆಮ್ಮಿನ ರೋಗಿಯೊಬ್ಬರ ಬೆನ್ನ ಮೇಲೆ ಅದೇ ಸ್ಟೆತಸ್ಕೋಪು ಕಿವಿಯಿಂದ ಕಿವಿಗೆ ದಾಟಿತು. ಎಲ್ಲರ ಹುಬ್ಬು ಮೇಲೇರಿ ಇಳಿಯಿತು. ಅಕ್ಕನ ಕಿವಿಯಲ್ಲಿ ಬರೀ ಗಾಳಿ ಬೀಸಿದಂತೆ ಮಂದವಾದ ಸದ್ದು.

"ನಂಗೆ ಸರಿಯಾಗಿ ಗೊತ್ತಾಗ್ಲಿಲ್ಲ ಮೇಡಂ" ಅಂದಳು.

"ಇನ್ನೊಬ್ಬರ ಸ್ಟೆತಸ್ಕೋಪು ಅಂದ್ರೆ ಹಾಗೇ ಅಕ್ಕ..." ಮೇಡಂ ನಾಲಿಗೆ ಕಚ್ಚಿಕೊಂಡರು. "ನಿಮ್ಮದೇ ಒಂದು ತಗೊಳ್ಳಿ. ಕಿವಿಗೆ ಒಪ್ಪುವಂಥದ್ದು ನೋಡಿ ತಗೊಳ್ಳಿ, ಎಲ್ಲಾ ಕೇಳಿಸುತ್ತೆ."

ತಗೊಳ್ಳಿ ಎಂದುಬಿಟ್ಟರು, ಯಾವುದು ಎಂದು ಹೇಳಲಿಲ್ಲ. ಅವಳು ವಿಚಾರಿಸಲು ಹೊರಟರೆ ಬಾಯಿಗೊಂದು ಸಲಹೆ. ವಾರ್ಡಿನ ಹಿರಿಯ ಸಿಸ್ಟರ್, "ಅಗ್ಗದ್ದು ತಗೋಮ್ಮ. ಇಲ್ಲಿ ಪೆನ್ನು ಉಳಿಯಲ್ಲ, ಸ್ಟೆತಸ್ಕೋಪ್ ಉಳಿಯುತ್ತಾ?" ಅಂದರು. ಪಕ್ಕದ ಬೆಂಚಿನ ಹುಡುಗಿ, "ಎರಡು ಮುಖದ್ದು ತಗೊಳ್ಳಿ ಅಕ್ಕ, ದೊಡ್ಡವರಿಗೊಂದು ಮಕ್ಕಳಿಗೊಂದು" ಅಂದಳು. ಅವಳ ಹಿಂದಿನವಳು, "ಒಂದೇ ಮುಖದ್ದು ತಗೊಳ್ಳಿ, ಎರಡರದ್ದು ತಿರುಗಿಸೋದು ಮರೆತ್ರೆ ಏನೂ ಕೇಳಲ್ಲ" ಅಂದಳು. ಉಳಿದವರಿಗೆ ಬಣ್ಣದ್ದೇ ಚಿಂತೆ. ಗುಲಾಬಿಯೋ, ನೇರಳೆಯೋ, ಸಮವಸ್ತ್ರಕ್ಕೆ ಹೊಂದುವ ನೀಲಿಯೋ. ಕಿವಿಗೆ ಒಪ್ಪುವುದು ಹೇಗೆ ಗೊತ್ತಾಗುತ್ತೆ ಎಂದು ಕೇಳಿದರೆ ಎಲ್ಲರದೂ ಒಂದೇ ಮಾತು. "ಹಾಕ್ಕೊಂಡ್ರೆ ಗೊತ್ತಾಗುತ್ತೆ ಅಕ್ಕ."

ಆಸ್ಪತ್ರೆಯ ಎದುರು ಬೀದಿಯಲ್ಲಿ ವೈದ್ಯಕೀಯ ಸಾಮಾನಿನ ಅಂಗಡಿಯೊಂದಿತ್ತು. ಹೊರಗೆ ಗಾಲಿಕುರ್ಚಿ, ಒಳಗೆ ಊರುಗೋಲು, ಗೋಡೆಯ ತುಂಬ ಬಣ್ಣಬಣ್ಣದ ಸ್ಟೆತಸ್ಕೋಪುಗಳು ಮೊಳೆಗೆ ಜೋತುಬಿದ್ದಿದ್ದವು. ಅಂಗಡಿಯವ ಐವತ್ತರ ಆಸುಪಾಸಿನವನು, ಮಾತಿಗೊಮ್ಮೆ ಕೆಮ್ಮುವವನು. ಅವಳನ್ನು ಮೇಲಿಂದ ಕೆಳಗೆ ನೋಡಿ, "ಮಗಳಿಗಾ?" ಅಂದ.

"ನಂಗೇ."

"ಓ. ಹಾಗಿದ್ರೆ ಇದು ತಗೊಳ್ಳಿ, ಸ್ಟೂಡೆಂಟ್ಸ್ ಎಲ್ಲಾ ಇದನ್ನೇ ಒಯ್ಯೋದು."

"ಒಂದ್ಸಲ ಹಾಕ್ಕೊಂಡು ನೋಡ್ಲಾ?"

"ಗೋಡೆ ಮೇಲಿರೋದು ತೋರಿಸೋಕೆ ಅಷ್ಟೇ. ಡಬ್ಬಿ ಒಡೆದ್ರೆ ವಾಪಸ್ ಇಲ್ಲ."

ಅವಳು ಇನ್ನೂ ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಹಿಂದೆ ಯಾರೋ ಬಂದು ಬಿಪಿ ಮಿಷನ್ನಿನ ಬೆಲೆ ವಿಚಾರಿಸಿದರು, ಅಂಗಡಿಯವ ಆ ಕಡೆ ತಿರುಗಿದ. ಅವಳು ಕಡು ನೀಲಿಯ ಒಂದನ್ನು ಕೊಂಡು ಹೊರಬಿದ್ದಳು. ಮೆಟ್ಟಿಲಿಳಿಯುವಾಗಲೇ, ಇದೇನು ಹೀಗೆ ತಲೆ ತಗ್ಗಿಸಿ ಕೊಂಡುಬಂದೆ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ಮನೆಯಲ್ಲಿ ಅತ್ತೆ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಅತ್ತೆಗೆ ಎದೆಯ ತೊಂದರೆ ಹಳೆಯದು. "ರಾತ್ರಿಯೆಲ್ಲಾ ಎದೇಲಿ ಸಿಳ್ಳೆ ಹೊಡೆಯುತ್ತೆ, ಯಾರಿಗೂ ಬೇಕಾಗಿಲ್ಲ" ಎನ್ನುವುದು ಅವರ ದಿನನಿತ್ಯದ ಮಾತು. ಮಗ, ಸೊಸೆ ಇಬ್ಬರೂ ಅದನ್ನು ವಯಸ್ಸಾದವರ ಗೊಣಗಾಟದ ಲೆಕ್ಕಕ್ಕೆ ಸೇರಿಸಿದ್ದರು. ಅವರಿಬ್ಬರೂ ಯಾವತ್ತೂ ಆ ಸಿಳ್ಳೆಯನ್ನು ಕೇಳಿರಲಿಲ್ಲ.

ಅಕ್ಕ ಡಬ್ಬಿ ಒಡೆದು, ಸ್ಟೆತಸ್ಕೋಪಿನ ಬಿಲ್ಲೆಯನ್ನು ಅತ್ತೆಯ ಬೆನ್ನಿಗಿಟ್ಟಳು. ಗಾಳಿ. ಮತ್ತದೇ ಗಾಳಿ.

"ಏನು ಕೇಳ್ತು?" ಅಂದರು ಅತ್ತೆ.

"ಜೋರಾಗಿ ಉಸಿರು ಎಳ್ಕೊಳ್ಳಿ ಅತ್ತೆ."

"ಎಳ್ಕೊಳ್ಳೋಕಾಗಿದ್ರೆ ನಾನ್ಯಾಕೆ ಹೀಗೆ ಕೂತಿರ್ತಿದ್ದೆ?"

ಗಂಡ ಕೆಲಸದಿಂದ ಬಂದ. ಅವನ ದನಿ ಬಾಗಿಲಿನಿಂದಲೇ ದೊಡ್ಡದು. ಮಗ್ಗದ ಸದ್ದಿನಲ್ಲಿ ಬಾಳಿದ ಇಬ್ಬರೂ ಮನೆಯಲ್ಲೂ ಹಾಗೇ ಮಾತಾಡುತ್ತಿದ್ದರು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದರೂ ಬೀದಿಗೆ ಕೇಳಿಸುತ್ತಿತ್ತು. ಇವರದು ದಿನಾ ಜಗಳ ಎಂದು ಎದುರುಮನೆಯವರು ನಂಬಿದ್ದರು. ಅವನು ಸ್ಟೆತಸ್ಕೋಪನ್ನು ಕೈಯಲ್ಲಿ ಹಿಡಿದು ಹಿಂದೆಮುಂದೆ ತಿರುಗಿಸಿ, "ಇದರಲ್ಲಿ ಎಲ್ಲೋ ಗಾಳಿ ಸೋರ್ತಾ ಇದೆ. ನಾಳೆ ನೋಡ್ತೀನಿ" ಅಂದ.

ಅವಳು ಮಾರನೇ ದಿನ ಸಂಜೆ ಬರುವ ಹೊತ್ತಿಗೆ ಅವನು ನೋಡಿಯಾಗಿತ್ತು. ಮೇಜಿನ ಮೇಲೆ ಹಳೇ ಪೇಪರು ಹಾಸಿ, ಸ್ಟೆತಸ್ಕೋಪನ್ನು ಬಿಡಿಬಿಡಿಯಾಗಿ ಬಿಚ್ಚಿ ಇಟ್ಟಿದ್ದ. ಬಿಲ್ಲೆಯ ಮೇಲಿನ ತೆಳು ಹಾಳೆ ಒಂದು ಕಡೆ, ರಬ್ಬರ್ ನಳಿಗೆ ಒಂದು ಕಡೆ. ಸೇರುವ ಜಾಗಕ್ಕೆಲ್ಲ ಮಗ್ಗದ ಎಣ್ಣೆ ಹಚ್ಚಿದ್ದ.

"ರೀ, ಇದೇನ್ ಮಾಡಿದ್ರಿ?"

"ಜಾಮ್ ಆಗಿತ್ತು. ಫ್ರೀ ಮಾಡ್ದೆ."

"ಇದು ಮಗ್ಗ ಅಲ್ಲ ರೀ."

"ಸದ್ದು ಬರೋ ಯಾವ ಮಿಷನ್ ಆದ್ರೂ ಒಂದೇ" ಅಂದ ಅವನು ಹೆಮ್ಮೆಯಿಂದ. ಮತ್ತೆ ಜೋಡಿಸಿದ ಮೇಲೆ ಅದರಲ್ಲಿ ಹೃದಯವೂ ಕೇಳಿಸಲಿಲ್ಲ.

ಅಂಗಡಿಗೆ ವಾಪಸ್ ಒಯ್ದಾಗ ಅಂಗಡಿಯವನು ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದ. "ಎಣ್ಣೆ ಹಾಕಿದ್ದೀರಾ ಇದಕ್ಕೆ?" ಅವಳಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಬದಲಿ ಕೊಡುವುದಿಲ್ಲ ಎಂದ. ಅದೇ ಉಸಿರಿನಲ್ಲಿ, ಗಾಜಿನ ಕಪಾಟಿನಿಂದ ಇನ್ನೊಂದು ಡಬ್ಬಿ ತೆಗೆದು, "ದೊಡ್ಡ ಡಾಕ್ಟರುಗಳು ಒಯ್ಯೋದು ಇದು. ಇದರಲ್ಲಿ ಕೇಳಿಸಲಿಲ್ಲ ಅಂತ ಇವತ್ತಿನವರೆಗೆ ಯಾರೂ ವಾಪಸ್ ಬಂದಿಲ್ಲ" ಎಂದ. ಬೆಲೆ ಕೇಳಿ ಅವಳು ಡಬ್ಬಿಯನ್ನು ಒಮ್ಮೆ ವಾಪಸ್ ಸರಿಸಿದಳು. ಆದರೂ ಕೊಂಡಳು. ಹುಡುಗಿಯರಿಗೆ ಕೇಳಿಸುವುದು ತನಗೆ ಯಾಕೆ ಕೇಳಿಸಬಾರದು ಎಂಬ ಹಟ ಅವಳನ್ನು ಹಿಡಿದುಬಿಟ್ಟಿತ್ತು.

ಎರಡನೆಯದು ಭಾರವಾಗಿತ್ತು, ಕತ್ತಿಗೆ ಹಾಕಿದರೆ ಗಾಂಭೀರ್ಯ ಬರುತ್ತಿತ್ತು. ವಾರ್ಡಿನಲ್ಲಿ ರೋಗಿಗಳ ಮನೆಯವರು ಅವಳ ವಯಸ್ಸನ್ನೂ ಅದನ್ನೂ ನೋಡಿ "ಡಾಕ್ಟ್ರೇ" ಎಂದು ಎದ್ದು ನಿಲ್ಲುತ್ತಿದ್ದರು. ಅದೊಂದು ಬೇರೆ ಪೀಡೆ. ಕೇಳಿಸುವುದರಲ್ಲಿ ಮಾತ್ರ ಕೂದಲಷ್ಟೂ ವ್ಯತ್ಯಾಸವಿಲ್ಲ.

ಆ ವಾರ ಒಬ್ಬ ನಿವೃತ್ತ ಮೇಷ್ಟ್ರು ವಾರ್ಡಿಗೆ ಸೇರಿದ್ದರು. ಹೃದಯ ದುರ್ಬಲವಾಗಿ ಶ್ವಾಸಕೋಶದಲ್ಲಿ ನೀರು ಕೂತಿತ್ತು, ಕಾಲು ಬಾತಿತ್ತು. ಟ್ಯೂಟರ್ ಮೇಡಂ ಒಬ್ಬೊಬ್ಬರಿಗೂ ಬೆನ್ನು ಕೇಳಿಸಿ ಪ್ರಶ್ನೆ ಹಾಕುತ್ತಿದ್ದರು. ಅಕ್ಕನ ಸರದಿ ಬಂತು. ಅವಳು ಮೇಲೆ, ನಡುವೆ, ಕೆಳಗೆ, ಎಡಕ್ಕೆ, ಬಲಕ್ಕೆ ಬಿಲ್ಲೆಯನ್ನು ಸರಿಸಿದಳು. ಮೇಷ್ಟ್ರು ಕತ್ತು ತಿರುಗಿಸಿ, "ಪಾಸಾಗ್ತೀನಾ ಫೇಲಾಗ್ತೀನಾ, ಹೇಳಮ್ಮ" ಅಂದರು.

"ಕೇಳಿಸ್ತಾ?" ಅಂದರು ಮೇಡಂ.

"ಕೇಳಿಸ್ತು ಮೇಡಂ."

"ಎಲ್ಲಿ ಜಾಸ್ತಿ?"

"ಎಡಗಡೆ, ಮೇಲೆ."

ಕಡ್ಡಿ ಎಂದು ಎಲ್ಲರೂ ಕರೆಯುವ ಸಣಕಲು ಹುಡುಗಿ, ಅವಳ ಪಕ್ಕದ ಬೆಂಚಿನವಳು, ತಟ್ಟನೆ ತಲೆ ತಗ್ಗಿಸಿದಳು. ಸದ್ದು ಇದ್ದದ್ದು ಎರಡೂ ಕಡೆ, ಕೆಳಗೆ. ಮೇಡಂ ರೋಗಿಯ ಎದುರು ಏನೂ ಹೇಳಲಿಲ್ಲ. ಹೊರಗೆ ಕರೆದುಕೊಂಡು ಹೋಗಿ, "ಕೇಳಿಸದೇ ಇದ್ರೆ ಕೇಳಿಸಲಿಲ್ಲ ಅನ್ನಿ. ಬೈಯಲ್ಲ. ಕೇಳಿಸದ್ದನ್ನ ಕೇಳಿಸ್ತು ಅಂತ ಅಂದ್ರೆ ನಾಳೆ ಒಬ್ಬರ ಜೀವಕ್ಕೆ ಕುತ್ತು ಬರುತ್ತೆ" ಅಂದರು. ತನಗಿಂತ ಚಿಕ್ಕವರಿಂದ, ಅದೂ ನ್ಯಾಯವಾದ ಮಾತು. ಬೈದಿದ್ದರೆ ವಾಸಿಯಿತ್ತು. ಅಕ್ಕ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಸ್ಟೆತಸ್ಕೋಪನ್ನು ಚೀಲದ ತಳಕ್ಕೆ ತುರುಕಿದಳು. ಅಳು ಬರಲಿಲ್ಲ.

ರಜೆಯ ದಿನ ಅವಳು ಕಡ್ಡಿಯನ್ನು ಮನೆಗೆ ಕರೆದಳು. "ಬರುವಾಗ ನಿನ್ನದು ತಗೊಂಡು ಬಾ. ಇನ್ನೂ ಯಾರ್ಯಾರದ್ದು ಸಿಗುತ್ತೋ ಎಲ್ಲಾ ತಗೊಂಡು ಬಾ. ಒಂದೊಂದಾಗಿ ನೋಡಿಬಿಡೋಣ, ಯಾವುದು ಒಪ್ಪುತ್ತೆ ಅಂತ." ಕಡ್ಡಿ ಒಳ್ಳೆಯ ಹುಡುಗಿ. ಚೀಲದ ತುಂಬ ತಂದಳು. ಮಂಚದ ಮೇಲೆ ಗುಲಾಬಿ, ನೇರಳೆ, ಹಸಿರು, ಕಪ್ಪು ಸ್ಟೆತಸ್ಕೋಪುಗಳು ಸಾಲಾಗಿ ಮಲಗಿದವು. ಅತ್ತೆ ಅವುಗಳ ನಡುವೆ ಬೆನ್ನು ಕೊಟ್ಟು ಕೂತು, "ಸಂತೆ ಇಟ್ಟಿದ್ದೀರಲ್ಲೇ ನನ್ನ ಬೆನ್ನ ಮೇಲೆ" ಅಂದರು.

ಅಕ್ಕ ಒಂದಾದ ಮೇಲೊಂದು ಹಾಕಿ ಕೇಳಿದಳು. ಗುಲಾಬಿಯಲ್ಲಿ ಗಾಳಿ, ನೇರಳೆಯಲ್ಲಿ ಗಾಳಿ. ಕಡ್ಡಿ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಅವಳು ಅಲ್ಲಿಂದಲೇ ಮೆಲ್ಲಗೆ ಏನೋ ಅಂದಳು.

"ಏನಂದೆ? ಜೋರಾಗಿ ಹೇಳು."

"ಅಕ್ಕ, ಅಜ್ಜಿಗೆ ಸ್ಟೆತಸ್ಕೋಪ್ ಯಾಕೆ? ಇಲ್ಲಿವರೆಗೂ ಕೇಳಿಸ್ತಾ ಇದೆಯಲ್ಲ. ಬಾಗಿಲಲ್ಲೇ ಕೇಳಿಸ್ತು ನಂಗೆ, ಸಿಳ್ಳೆ."

ಅಕ್ಕ ಕಿವಿಯಿಂದ ಸ್ಟೆತಸ್ಕೋಪು ತೆಗೆದಳು. ಬರಿಗಿವಿಯಲ್ಲಿ ಕೇಳಲು ನೋಡಿದಳು. ಅತ್ತೆಯ ಎದೆ ಏರಿಳಿಯುವುದು ಕಾಣುತ್ತಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಕೋಣೆ ಅವಳ ಪಾಲಿಗೆ ನಿಶ್ಶಬ್ದವಾಗಿತ್ತು.

"ಈಗಲೂ ಇದೆಯಾ?"

"ಈಗಲೂ ಇದೆ ಅಕ್ಕ."

ಅತ್ತೆಯ ಮುಖದಲ್ಲಿ ಕೋರ್ಟಿನಲ್ಲಿ ಗೆದ್ದವರ ಕಳೆ ಬಂತು. "ಎಷ್ಟು ವರ್ಷದಿಂದ ಬಡ್ಕೊಂಡೆ. ನಾಟಕ ಅಂದ್ರಿ ಇಬ್ಬರೂ. ಹೊರಗಿನ ಹುಡುಗಿ ಬಂದು ಹೇಳ್ಬೇಕಾಯ್ತು" ಎಂದರು. ಮತ್ತೆ ಸೊಸೆಯ ಮುಖ ನೋಡಿ ಏನನ್ನಿಸಿತೋ, ಹಸಿರು ಸ್ಟೆತಸ್ಕೋಪನ್ನು ಸುಮ್ಮನೆ ಪಕ್ಕಕ್ಕೆ ಸರಿಸಿ ಅವಳಿಗೆ ಕೂರಲು ಜಾಗ ಮಾಡಿದರು.

ಅತ್ತೆಯನ್ನು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಉಬ್ಬಸಕ್ಕೆ ಬಾಯಿಗೆ ಎಳೆದುಕೊಳ್ಳುವ ಔಷಧಿ ಬರೆದುಕೊಟ್ಟರು. ಆಮೇಲೆ ಒಬ್ಬಳೇ, ಯಾರಿಗೂ ಹೇಳದೆ, ಕಿವಿಯ ವಿಭಾಗದ ಚೀಟಿ ಮಾಡಿಸಿದಳು.

ಅಲ್ಲಿ ಅವಳನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯೊಳಗೆ ಕೂರಿಸಿ, ಕಿವಿಗೆ ದಪ್ಪ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಲು ಹೇಳಿದರು. ಮೊದಲು ದಪ್ಪ ಸದ್ದುಗಳು ಬಂದವು, ಒತ್ತಿದಳು. ಆಮೇಲೆ ಸದ್ದುಗಳು ಸಣ್ಣಗಾಗುತ್ತ ಹೋದವು, ಒಂದು ಹಂತದ ಮೇಲೆ ಏನೂ ಬರಲಿಲ್ಲ. ಪರೀಕ್ಷೆ ಮುಗಿದಿರಬೇಕು ಎಂದು ಅವಳು ಹೆಡ್‌ಫೋನು ತೆಗೆಯಲು ಕೈ ಎತ್ತಿದಳು. ಗಾಜಿನ ಆಚೆ ಕೂತಿದ್ದ ಹೆಂಗಸು ಇನ್ನೂ ಒಂದೊಂದೇ ಬಟನ್ ಒತ್ತುತ್ತಿದ್ದಳು, ಇವಳ ಕಡೆ ನೋಡಿ ಇರಿ ಇರಿ ಎಂದು ಕೈ ಮಾಡಿದಳು. ಆಗಲೇ ಅಕ್ಕನಿಗೆ ಎಲ್ಲವೂ ಗೊತ್ತಾಯಿತು.

"ದಪ್ಪ ಸದ್ದು ಚೆನ್ನಾಗಿ ಕೇಳಿಸುತ್ತೆ ನಿಮಗೆ. ಸಣ್ಣ, ಚೂಪು ಸದ್ದು ಹೋಗಿದೆ" ಎಂದಳು ಆ ಹೆಂಗಸು ಹಾಳೆ ತೋರಿಸಿ. "ಎಲ್ಲಿ ಕೆಲಸ ಮಾಡ್ತಿದ್ರಿ?"

ಹೇಳಿದಳು.

"ಕಿವಿಗೆ ಏನಾದ್ರೂ ಹಾಕ್ಕೊಳ್ತಿದ್ರಾ ಅಲ್ಲಿ?"

"ಏನು ಹಾಕ್ಕೊಳ್ಳೋದು?"

ಆ ಹೆಂಗಸು ಹಾಳೆಯ ಮೂಲೆಯಲ್ಲಿ ಮಗ್ಗದ ಸದ್ದು ಎಂದು ಬರೆದುಕೊಂಡಳು. ಹೋದದ್ದು ವಾಪಸ್ ಬರುವುದಿಲ್ಲ, ಇನ್ನು ಹೋಗದಂತೆ ನೋಡಿಕೊಳ್ಳಿ, ಸದ್ದು ಹಿಗ್ಗಿಸುವ ಬ್ಯಾಟರಿ ಸ್ಟೆತಸ್ಕೋಪು ಅಂತ ಬರುತ್ತೆ, ನಿಮಗೆ ಅದು ಬೇಕಾಗಬಹುದು ಎಂದಳು.

ಮನೆಗೆ ನಡೆದುಕೊಂಡೇ ಬಂದಳು. ದಾರಿಯುದ್ದಕ್ಕೂ ಒಳಗೆ ಕುದಿಯುತ್ತಿತ್ತು. ಶೆಡ್ಡಿನ ಮಾಲೀಕ ಪ್ರತಿ ವರ್ಷ ಸಿಹಿ ಹಂಚುತ್ತಿದ್ದ, ಕ್ಯಾಲೆಂಡರು ಕೊಡುತ್ತಿದ್ದ. ಎರಡು ಚೂರು ಹತ್ತಿ ಕೊಡಬಹುದಿತ್ತು. ಸುತ್ತ ಬೇಲುಗಟ್ಟಲೆ ನೂಲು ಬಿದ್ದಿತ್ತು, ಒಬ್ಬರಿಗಾದರೂ ಕಿವಿಗೆ ತುರುಕಿಕೊಳ್ಳುವ ಬುದ್ಧಿ ಬರಲಿಲ್ಲ. ಬೈಯೋಣವೆಂದರೆ ಶೆಡ್ಡೇ ಇಲ್ಲ. ಗಂಡನಿಗೆ ಹೇಳಿ, "ನೀವೂ ಒಂದ್ಸಲ ತೋರಿಸ್ಕೊಳ್ಳಿ ರೀ, ನಿಮ್ಮದು ನನಗಿಂತ ಕೆಟ್ಟಿರುತ್ತೆ" ಎಂದಳು.

"ನಂಗೇನಾಗಿದೆ? ಎಲ್ಲಾ ಕೇಳಿಸುತ್ತೆ" ಎಂದು ಅವನು ಎದುರುಮನೆಯ ಕಿಟಕಿ ತೆರೆಯುವಷ್ಟು ಜೋರಾಗಿ ಹೇಳಿದ.

ಟ್ಯೂಟರ್ ಮೇಡಂಗೆ ಹಾಳೆ ತೋರಿಸಿದಳು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. "ಅವತ್ತು ನಾನು ಹಾಗೆ ಅನ್ನಬಾರದಿತ್ತು" ಎಂದರು. ಆಮೇಲೆ, "ಆದ್ರೆ ಇದನ್ನ ಪ್ರಿನ್ಸಿಪಾಲರಿಗೆ ಹೇಳಲೇಬೇಕಲ್ಲ" ಎಂದರು. ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ಅವಳನ್ನು ನೋಡಿ, "ಕಿವಿ ಕೇಳಿಸದವರು, ರೋಗಿ ಕರೆದ್ರೆ ಓಗೊಡೋದು ಹೇಗಮ್ಮ?" ಅಂದರು.

"ನೀವು ಕರೆದ್ರಿ, ನಾನು ಬಂದಿದ್ದೀನಲ್ಲ ಸರ್."

ಮೇಡಂ ಕೆಮ್ಮಿ ನಗು ನುಂಗಿದರು. ಪ್ರಿನ್ಸಿಪಾಲರು ನಗಲಿಲ್ಲ. "ಆ ಬ್ಯಾಟರಿದು ಅಂತಾರಲ್ಲ, ಅದನ್ನ ತನ್ನಿ. ವಾರ್ಡಿನಲ್ಲಿ ಕೇಳಿ ತೋರಿಸಿ. ಆಮೇಲೆ ನೋಡೋಣ."

ನೋಡೋಣ ಎಂಬ ಮಾತಿಗೆ ಅವಳ ಮೈ ಉರಿಯಿತು. ಓದಿದ್ದು, ಬರೆದದ್ದು, ಗಾಯ ತೊಳೆದದ್ದು, ಮಲ ಬಾಚಿದ್ದು ಎಲ್ಲ ಒಂದು ಕಡೆ ಬಿದ್ದು ಈಗ ಒಂದು ಸಾಮಾನಿನ ಮೇಲೆ ನಿಂತಿತ್ತು. ಅದನ್ನು ಅವಳು ಕಣ್ಣಲ್ಲೂ ಕಂಡಿರಲಿಲ್ಲ.

ಅಂಗಡಿಗೆ ಈ ಸಲ ಕಡ್ಡಿಯನ್ನೂ ಕರೆದುಕೊಂಡು ಹೋದಳು. ಬ್ಯಾಟರಿಯದು ಅವನ ಬಳಿ ಇರಲಿಲ್ಲ, ತರಿಸಿಕೊಡಬೇಕು ಎಂದ.

"ಎಷ್ಟು ಥರದ್ದು ಬರುತ್ತೋ ಅಷ್ಟೂ ತರಿಸಿ. ಕೇಳಿ ನೋಡದೆ ತಗೊಳ್ಳಲ್ಲ."

"ಕೇಳೋದು ಅಂದ್ರೆ? ಇದೇನು ರೇಡಿಯೋನಾ?"

"ಚಪ್ಪಲಿ ಕಾಲಿಗೆ ಹಾಕಿ ನೋಡದೆ ತಗೊಳ್ತೀರಾ ನೀವು?"

"ಡಬ್ಬಿ ಒಡೆದ್ರೆ ಕಂಪನಿಯವರು..."

"ಎರಡು ಸಲ ನಿಮ್ಮ ಮಾತು ಕೇಳಿ ಡಬ್ಬಿ ಒಯ್ದೆ. ಎರಡೂ ಮನೇಲಿ ಬಿದ್ದಿವೆ. ಈ ಸಲ ಆಗಲ್ಲ" ಅಂದಳು ಅಕ್ಕ. ಮಗ್ಗದ ಮುಂದೆ ಮಾತಾಡಿ ಅಭ್ಯಾಸವಾದ ದನಿ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅಂಗಡಿಯವ ಎರಡೂ ಕೈ ಎತ್ತಿ, "ಆಯ್ತಮ್ಮ, ಆಯ್ತು. ತರಿಸ್ತೀನಿ" ಎಂದ. ದುಡ್ಡನ್ನು ಕಂತಿನಲ್ಲಿ ಕೊಡಬಹುದು ಎಂದೂ ಒಪ್ಪಿದ.

ಕೆಲವು ದಿನ ಬಿಟ್ಟು ಹೋದಾಗ ಎರಡು ಥರದ್ದು ಬಂದಿದ್ದವು. ಕೇಳಲು ಒಂದು ಎದೆ ಬೇಕಲ್ಲ. ಕಡ್ಡಿಯದು ಆರೋಗ್ಯದ ಎದೆ, ಅದರಲ್ಲಿ ಕೇಳುವಂಥದ್ದೇನೂ ಇಲ್ಲ. ಅಕ್ಕ ಮಾತಿಗೊಮ್ಮೆ ಕೆಮ್ಮುವ ಅಂಗಡಿಯವನನ್ನೇ ಸ್ಟೂಲಿನ ಮೇಲೆ ಕೂರಿಸಿದಳು.

ಮೊದಲನೆಯದನ್ನು ಅವನ ಬೆನ್ನಿಗಿಟ್ಟೊಡನೆ ಬೆಚ್ಚಿಬಿದ್ದಳು. ಅಂಗಿಯ ಬಟ್ಟೆ ಸರಿದದ್ದು ತಗಡು ಎಳೆದ ಹಾಗೆ ಕೇಳಿಸಿತು, ಅವನ ಹೃದಯ ತಲೆಯೊಳಗೇ ಗುದ್ದಿತು. ಗದ್ದಲವೋ ಗದ್ದಲ. ಅದರೊಳಗೆ ಉಸಿರು ಎಲ್ಲಿದೆ ಎಂದೇ ತಿಳಿಯದು. ಅವಳಿಗೆ ಅದನ್ನು ಗೋಡೆಗೆ ಎಸೆಯೋಣ ಅನ್ನಿಸಿತು. ತೆಗೆದಿಟ್ಟು ಎರಡನೆಯದನ್ನು ಹಾಕಿಕೊಂಡಳು. ಅದರ ಕತ್ತಿನಲ್ಲಿ ಒಂದು ಪುಟ್ಟ ಬಟನ್ನು. ಒತ್ತಿದರೆ ದಪ್ಪ ಸದ್ದುಗಳು ಹಿಂದೆ ಸರಿಯುತ್ತಿದ್ದವು. ಅಂಗಿ ಮೇಲೆತ್ತಲು ಹೇಳಿ, ಬರಿ ಬೆನ್ನಿಗೆ ಬಿಲ್ಲೆ ಒತ್ತಿ ಹಿಡಿದು, ಅಲುಗಾಡದೆ ನಿಂತಳು.

"ಉಸಿರು ಎಳ್ಕೊಳ್ಳಿ. ಬಿಡಿ."

ಬಿಡುವಾಗ, ಕೊನೆಯಲ್ಲಿ, ಏನೋ ಇತ್ತು. ತೆಳ್ಳಗೆ, ಬಾಗಿಲ ಸಂದಿಯಿಂದ ಗಾಳಿ ನುಸುಳಿದ ಹಾಗೆ. ಅದು ನಿಜವಾಗಿ ಇದೆಯೋ, ತನ್ನ ಆಸೆಯೇ ಸದ್ದಾಗಿ ಕೇಳಿಸುತ್ತಿದೆಯೋ ಎಂದು ಅವಳಿಗೆ ಅನುಮಾನ ಬಂತು. ಒಮ್ಮೆ ಸುಳ್ಳು ಹೇಳಿದ್ದು ನೆನಪಿತ್ತು.

"ಕಡ್ಡಿ, ನೀನು ಆ ಪಕ್ಕ ನಿನ್ನದು ಇಡು. ಏನು ಕೇಳಿಸ್ತು ಅಂತ ಬಾಯಲ್ಲಿ ಹೇಳ್ಬೇಡ. ಕೇಳಿಸಿದಾಗ ಬೆರಳೆತ್ತು. ನಾನೂ ಎತ್ತುತ್ತೀನಿ."

ಅಂಗಡಿಯವ ಉಸಿರೆಳೆದ, ಬಿಟ್ಟ. ಅವನ ಬೆನ್ನ ಹಿಂದೆ ಎರಡು ಬೆರಳು ಒಟ್ಟಿಗೆ ಎದ್ದವು. ಮತ್ತೆ ಎಳೆದ, ಬಿಟ್ಟ. ಮತ್ತೆ ಎರಡು ಬೆರಳು. ಕಡ್ಡಿಯ ಕಣ್ಣು ತುಂಬಿ ಬಂತು. ಅಕ್ಕ ಇನ್ನೊಂದು ಸಲ, ಮತ್ತೊಂದು ಸಲ ಎಂದು ಉಸಿರಾಡಿಸುತ್ತಲೇ ಇದ್ದಳು, ಕೊನೆಗೆ ಅವನಿಗೆ ತಲೆ ಸುತ್ತು ಬಂತು.

"ಏನಿದೆ ನನ್ನೆದೇಲಿ?" ಅಂದ ಅವನು ಅಂಗಿ ಇಳಿಸುತ್ತ. ಮುಖ ಸಣ್ಣದಾಗಿತ್ತು.

"ಸಿಗರೇಟು ಸೇದ್ತೀರಾ?"

"ಯಾವಾಗಾದ್ರೊಮ್ಮೆ."

"ಎದುರುಗಡೆನೇ ಆಸ್ಪತ್ರೆ ಇದೆ. ಹೋಗಿ ತೋರಿಸ್ಕೊಳ್ಳಿ. ಇದನ್ನ ಕಟ್ಟಿಕೊಡಿ, ಬಟನ್ ಇರೋದನ್ನ."

ಅದು ಬೂದು ಬಣ್ಣದ್ದು. ನೋಡಲು ಚೆಂದವಿರಲಿಲ್ಲ, ಬಿಲ್ಲೆಯ ಮೇಲೆ ಒಂದು ಉಬ್ಬು ಬೇರೆ.

ಪ್ರಿನ್ಸಿಪಾಲರ ಮುಂದೆ ಮೊದಲ ಸಲ ಎಲ್ಲವೂ ಕೆಟ್ಟಿತು. ಹಿಂದಿನ ದಿನ ಅಭ್ಯಾಸ ಮಾಡಿ ಮಾಡಿ ಬ್ಯಾಟರಿ ಖಾಲಿಯಾಗಿತ್ತು. ರೋಗಿಯ ಬೆನ್ನಿಗಿಟ್ಟು ನಿಂತವಳಿಗೆ ಕಿವಿಯಲ್ಲಿ ಸತ್ತ ಮೌನ. ಕೇಳಿಸ್ತಾ ಎಂದು ಪ್ರಿನ್ಸಿಪಾಲರು ಕೇಳಿದರು. "ಇಲ್ಲ ಸರ್, ಏನೂ ಕೇಳಿಸ್ಲಿಲ್ಲ" ಎಂದಳು. ಅವರು ಬಾಯಿ ತೆರೆಯುವ ಮೊದಲೇ ಟ್ಯೂಟರ್ ಮೇಡಂ, "ಸೋಮವಾರ ಮತ್ತೆ ಬರ್ತಾರೆ ಸರ್" ಎಂದುಬಿಟ್ಟರು. ಸೋಮವಾರ ಪ್ರಿನ್ಸಿಪಾಲರು ಅವಳನ್ನೂ, ಹೋಲಿಸಿ ನೋಡಲು ಕಡ್ಡಿಯನ್ನೂ ಬೇರೆ ಬೇರೆ ಹಾಸಿಗೆಗಳಿಗೆ ಕರೆದುಕೊಂಡು ಹೋಗಿ ಕೇಳಿಸಿದರು. ಅಕ್ಕ ಒಂದು ಕಡೆ ತಪ್ಪಿದಳು, ಉಳಿದದ್ದೆಲ್ಲ ಸರಿ ಹೇಳಿದಳು. ಆ ಒಂದು ಹಾಸಿಗೆಯಲ್ಲಿ ಕಡ್ಡಿಯೂ ತಪ್ಪಿದ್ದಳು. ಪ್ರಿನ್ಸಿಪಾಲರು ಹಾಳೆಗೆ ಸಹಿ ಹಾಕಿ, "ಬ್ಯಾಟರಿ ನೋಡ್ಕೊಳ್ಳಿ" ಎಂದಷ್ಟೇ ಹೇಳಿ ಹೋದರು.

ಅಲ್ಲಿಗೆ ಕಾಟ ಮುಗಿಯಿತು ಎಂದುಕೊಂಡಿದ್ದಳು. ಮುಗಿಯಲಿಲ್ಲ. ಆ ಸಾಮಾನು ಬಟ್ಟೆ ತಾಗಿದರೆ ಗರ್ಜಿಸುತ್ತಿತ್ತು, ರೋಗಿ ಮಾತಾಡಿದರೆ ಕಿವಿಯಲ್ಲಿ ಧ್ವನಿವರ್ಧಕ ಇಟ್ಟ ಹಾಗಾಗುತ್ತಿತ್ತು. "ಅದೇನಮ್ಮ, ಕರೆಂಟ್ ಹೊಡೆಯಲ್ಲ ತಾನೆ?" ಎಂದು ರೋಗಿಗಳು ಹಿಂದೆ ಸರಿಯುತ್ತಿದ್ದರು, ಪ್ರತಿಯೊಬ್ಬರಿಗೂ ವಿವರಿಸಬೇಕು. ಅದಕ್ಕಿಂತ ದೊಡ್ಡ ಪೀಡೆ ಎಂದರೆ ಅದರ ಸುದ್ದಿ ಹರಡಿದ್ದು. ಎಳೆಯ ಡಾಕ್ಟರುಗಳು ಗದ್ದಲದ ವಾರ್ಡಿನಲ್ಲಿ ಏನೂ ಕೇಳಿಸದೆ ಹೋದಾಗ "ಅಕ್ಕನ ಮಿಷನ್ ಎಲ್ಲಿ?" ಎಂದು ಹುಡುಕಿಕೊಂಡು ಬರತೊಡಗಿದರು. ಕೊಂಡೊಯ್ದವರು ಬ್ಯಾಟರಿ ಆರಿಸಲು ಮರೆಯುತ್ತಿದ್ದರು, ಒಮ್ಮೆ ಕಿವಿಯ ತುದಿಯ ರಬ್ಬರನ್ನೇ ಕಳೆದುಕೊಂಡು ಬಂದರು. ಅವಳು ಅದರ ಮೇಲೆ "ಅಕ್ಕನದು, ಮುಟ್ಟಬೇಡಿ" ಎಂದು ಚೀಟಿ ಅಂಟಿಸಿದಳು. ಚೀಟಿ ನೋಡಿ ಇನ್ನಷ್ಟು ಜನ ಕೇಳಿದರು.

ಒಂದು ಬೆಳಿಗ್ಗೆ ಬಿಪಿ ನೋಡಿ ತಿರುಗುವಷ್ಟರಲ್ಲಿ ಮೇಜಿನ ಮೇಲಿಟ್ಟದ್ದು ಮಾಯ. ಅಕ್ಕ ಒಂದೊಂದೇ ವಾರ್ಡು ಹಾದು ಹುಡುಕಿದಳು. ಹೋಗುತ್ತ ಹೋಗುತ್ತ ಸಿಟ್ಟು ನೆತ್ತಿಗೇರಿತು. ಕೊನೆಗೆ ಮಕ್ಕಳ ವಾರ್ಡಿನಲ್ಲಿ ಸಿಕ್ಕಿತು. ಗಡ್ಡ ಇನ್ನೂ ಸರಿಯಾಗಿ ಮೂಡದ ಡಾಕ್ಟರೊಬ್ಬ ಅದನ್ನು ಕಿವಿಗೆ ಹಾಕಿಕೊಂಡು, ಒಂದು ಹಸುಳೆಯ ಬೆನ್ನ ಮೇಲೆ ಬಗ್ಗಿ ನಿಂತಿದ್ದ. ಅವಳನ್ನು ನೋಡಿ, ಒಂದೇ ನಿಮಿಷ ಎಂದು ಬೆರಳು ತೋರಿಸಿದ.

ಅಕ್ಕ ಹಾಸಿಗೆಯ ಪಕ್ಕ ಬಂದು ನಿಂತು ಕೈ ಚಾಚಿದಳು.

"ಮುಗಿಸಿ ಕೊಡಿ ಡಾಕ್ಟ್ರೇ. ಆ ಕಡೆ ನನ್ನ ರೋಗಿ ಕಾಯ್ತಿದ್ದಾರೆ."